ಬೇಡಿಕೆ ಪಟ್ಟಿಯನ್ನು ಯಾರು ಬರೆಯಬೇಕು?



ಅಂಚೆ ನೌಕರರ ಸಂಘಟನೆಗಾಗಿ ಬದುಕು ಸವೆಸಿದ ಹಿರಿಯರೊಬ್ಬರ ನೆನಪಿನ ದತ್ತಿ ಇದು. ಈ ವೇದಿಕೆಯಲ್ಲಿ ಮುಷ್ಕರಗಳ ಚರಿತ್ರೆ ಹೇಳುವುದು ರೂಢಿ. 1946ರ ಜುಲೈ 11ರಂದು ಪೋಸ್ಟ್‌ಮ್ಯಾನ್‌ಗಳು ಮತ್ತು ಕೆಳದರ್ಜೆಯ ನೌಕರರು ಕೆಲಸ ನಿಲ್ಲಿಸಿದ್ದು, ಅದೇ ತಿಂಗಳ 29ರಂದು ಅವರ ಬೆಂಬಲಕ್ಕೆ ಇಡೀ ಕಲ್ಕತ್ತ ನಗರ ಸ್ತಬ್ಧವಾದದ್ದು, ಆಮೇಲೆ 1960 ಮತ್ತು 1968ರ ಕೇಂದ್ರ ಸರ್ಕಾರಿ ನೌಕರರ ಮುಷ್ಕರಗಳು, ಇವೆಲ್ಲ ಇಲ್ಲಿ ಮುಂದಿನ ಸಾಲಿನಲ್ಲಿ ಕುಳಿತಿರುವ ಹಿರಿಯರಿಗೆ ನನಗಿಂತ ಚೆನ್ನಾಗಿ ಗೊತ್ತು. ಆದ್ದರಿಂದ ಇವತ್ತು ಬೇರೆಯದನ್ನು ಆರಿಸಿಕೊಂಡಿದ್ದೇನೆ. ಮುಷ್ಕರಕ್ಕೂ ಮೊದಲು, ಮಾತುಕತೆಗೂ ಮೊದಲು, ಪತ್ರಿಕೆಗಳಲ್ಲಿ ಒಂದು ಫೋಟೊ ಕೂಡ ಬಾರದ ಕೆಲವು ತಿಂಗಳುಗಳಿರುತ್ತವೆ. ಸಂಘವೊಂದು ತನ್ನ ಬೇಡಿಕೆ ಪಟ್ಟಿ ಸಿದ್ಧಮಾಡಿಕೊಳ್ಳುವ ತಿಂಗಳುಗಳು ಅವು. ಮಾತುಕತೆಯಲ್ಲಿ ಏನು ಸಿಗುತ್ತದೆ, ಏನು ಕೈತಪ್ಪುತ್ತದೆ ಎಂಬುದರಲ್ಲಿ ಅರ್ಧಪಾಲು ಆ ತಿಂಗಳುಗಳಲ್ಲೇ ತೀರ್ಮಾನವಾಗಿರುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ.

ಇದಕ್ಕೆ ಉದಾಹರಣೆಯಾಗಿ ಕೆನಡಾ ದೇಶದ ಅಂಚೆ ನೌಕರರ ಸಂಘವನ್ನು, ಅಂದರೆ ಕೆನಡಿಯನ್ ಯೂನಿಯನ್ ಆಫ್ ಪೋಸ್ಟಲ್ ವರ್ಕರ್ಸ್ ಸಂಘವನ್ನು ತೆಗೆದುಕೊಳ್ಳುತ್ತೇನೆ. ಅಷ್ಟು ದೂರ ಹೋಗಲು ಕಾರಣವಿದೆ. ಆ ಸಂಘ ತನ್ನ ಹಳ್ಳಿಗಾಡಿನ ಟಪಾಲಿನವರಿಗಾಗಿ ಮಾಡಿದ ಕೆಲಸ ನಮ್ಮ ಗ್ರಾಮೀಣ ಡಾಕ್ ಸೇವಕರ, ಅಂದರೆ ಹಳ್ಳಿ ಅಂಚೆ ಕಚೇರಿಗಳನ್ನು ನಡೆಸುವ ಅರೆಕಾಲಿಕ ನೌಕರರ, ಪ್ರಶ್ನೆಗೆ ಬಹಳ ಹತ್ತಿರದ್ದು.

ಮೊದಲು ಅಲ್ಲಿನ ಪದ್ಧತಿಯನ್ನು ಸ್ವಲ್ಪ ಹೇಳಬೇಕು. ನೌಕರರಿಗೂ ಅಂಚೆ ನಿಗಮಕ್ಕೂ ನಡುವೆ ಲಿಖಿತ ಒಪ್ಪಂದವಿರುತ್ತದೆ. ಸಂಬಳ, ರಜೆ, ಪಾಳಿ, ಯಂತ್ರ ಬಂದರೆ ಏನು, ಬೀಟು ಬದಲಾದರೆ ಏನು, ಎಲ್ಲವೂ ಅದರಲ್ಲಿ ಕಲಮುಕಲಮಾಗಿ ಇರುತ್ತದೆ. ಒಪ್ಪಂದಕ್ಕೆ ಅವಧಿಯಿದೆ. ಅವಧಿ ಮುಗಿಯಲು ನಾಲ್ಕು ತಿಂಗಳಿರುವಾಗಿನಿಂದ ಯಾವ ಪಕ್ಷ ಬೇಕಾದರೂ ಮಾತುಕತೆಗೆ ನೋಟಿಸು ಕೊಡಬಹುದು. ಮಾತು ಮುರಿದರೆ ಸರ್ಕಾರ ನೇಮಿಸುವ ಸಂಧಾನಕಾರರಿಗೆ 60 ದಿನ, ಅದೂ ವಿಫಲವಾದರೆ ಬಿಸಿ ಆರಲೆಂದು ಮತ್ತೆ 21 ದಿನ. ಸದಸ್ಯರ ಗುಪ್ತ ಮತದಾನದಲ್ಲಿ ಒಪ್ಪಿಗೆ ಸಿಕ್ಕಿರಬೇಕು, 72 ಗಂಟೆ ಮುಂಚೆ ತಿಳಿಸಬೇಕು. ಇಷ್ಟೆಲ್ಲ ಆದಮೇಲೆ ಮುಷ್ಕರ ಕಾನೂನುಬದ್ಧ.

ಸಂಘದ ನಿಜವಾದ ಕೆಲಸ ಆ ನೋಟಿಸಿಗಿಂತ ಎಷ್ಟೋ ಮುಂಚೆ ಶುರುವಾಗುತ್ತದೆ. ಊರೂರಿನ ಶಾಖೆಗಳಲ್ಲಿ ಸಭೆ ಸೇರುತ್ತಾರೆ. ವಿಂಗಡಣೆ ಕೇಂದ್ರದ ರಾತ್ರಿ ಪಾಳಿಯವರು, ಬಟವಾಡೆಗೆ ಹೋಗುವವರು, ಲಾರಿ ಓಡಿಸುವವರು, ತಮತಮಗೆ ಏನು ಬೇಕೆಂಬುದನ್ನು ಪ್ರಸ್ತಾಪವಾಗಿ ಬರೆದು ತರುತ್ತಾರೆ. ಶಾಖೆ ಒಪ್ಪಿದ್ದು ಪ್ರಾಂತಕ್ಕೆ ಹೋಗುತ್ತದೆ, ಅಲ್ಲಿಂದ ರಾಷ್ಟ್ರಮಟ್ಟಕ್ಕೆ. ಅಲ್ಲಿ ಎಲ್ಲವನ್ನೂ ಸೇರಿಸಿ ಒಂದು ಬೇಡಿಕೆ ಕಾರ್ಯಕ್ರಮವನ್ನು ರೂಪಿಸುತ್ತಾರೆ, ಅದು ಮತ್ತೆ ಸದಸ್ಯರ ಮುಂದೆ ಮತಕ್ಕೆ ಬರುತ್ತದೆ. ಹೀಗೆ ಸದಸ್ಯರು ಒಪ್ಪಿದ ಪಟ್ಟಿಯನ್ನು ಹಿಡಿದು ಸಮಿತಿ ಮೇಜಿಗೆ ಹೋಗುತ್ತದೆ.

ಕೇಳಲು ಇದು ಬರೀ ಕಾಗದಪತ್ರದ ವ್ಯವಹಾರದಂತೆ ಕಾಣಬಹುದು. ಆದರೆ ಒಂದು ಪ್ರಸ್ತಾಪ ಬರೆಯುವುದರಲ್ಲಿ ಎಷ್ಟು ಶ್ರಮವಿದೆ ನೋಡಿ. ‘ಕೆಲಸದ ಹೊರೆ ಜಾಸ್ತಿಯಾಗಿದೆ, ಕಡಿಮೆ ಮಾಡಿ’ ಎಂದರೆ ಅದು ಗೋಳು. ಯಾವ ಕಲಮು, ಈಗ ಅದರಲ್ಲಿ ಏನಿದೆ, ಅದರಿಂದ ಯಾರಿಗೆ ಎಷ್ಟು ಹೊತ್ತಿನ ದುಡಿಮೆ ಲೆಕ್ಕಕ್ಕೆ ಬಾರದೆ ಹೋಗುತ್ತಿದೆ, ಅಲ್ಲಿ ಯಾವ ಮಾತು ಬರಬೇಕು, ಇಷ್ಟನ್ನು ಬರೆದಾಗ ಅದು ಬೇಡಿಕೆಯಾಗುತ್ತದೆ. ಎದುರಿಗೆ ಕುಳಿತ ಆಡಳಿತದ ವಕೀಲರು ಗೋಳಿಗೆ ಸಹಾನುಭೂತಿ ಸೂಚಿಸಿ ಮುಂದಿನ ವಿಷಯಕ್ಕೆ ಹೋಗಬಲ್ಲರು. ಬೇಡಿಕೆಗೆ ಉತ್ತರ ಕೊಡಲೇಬೇಕಾಗುತ್ತದೆ.

ಈ ಪದ್ಧತಿ ಅವರಿಗೆ ಯಾರೂ ದಾನ ಕೊಟ್ಟದ್ದಲ್ಲ. 1965ರ ಜುಲೈಯಲ್ಲಿ ಕೆನಡಾದ ಅಂಚೆ ನೌಕರರು ಕಾನೂನಿನ ಅನುಮತಿಯಿಲ್ಲದೆ ಕೆಲಸ ಬಿಟ್ಟು ಹೊರಬಂದರು. ಆಗ ಸರ್ಕಾರಿ ನೌಕರರಿಗೆ ಸಾಮೂಹಿಕ ಚೌಕಾಸಿಯ ಹಕ್ಕೇ ಇರಲಿಲ್ಲ. ಆ ಹಕ್ಕನ್ನು ಒಪ್ಪಿಕೊಂಡ ಕಾಯಿದೆ ಬಂದದ್ದು 1967ರಲ್ಲಿ. ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ಅಲ್ಲಿ ವಿಂಗಡಣೆಗೆ ಯಂತ್ರಗಳು ಬಂದವು, ಅವುಗಳಿಗಾಗಿ ಅಂಚೆ ಸಂಕೇತ ಬಂತು. ನಮ್ಮಲ್ಲಿ ಪಿನ್‌ಕೋಡ್ ಬಂದದ್ದೂ ಅದೇ ಕಾಲದಲ್ಲಿ, 1972ರ ಆಗಸ್ಟ್ 15ರಂದು. ಅಲ್ಲಿ ಯಂತ್ರದ ಮುಂದೆ ಕುಳಿತು ಸಂಕೇತ ಒತ್ತುವ ಕೆಲಸಕ್ಕೆ ಕೈಯಲ್ಲಿ ವಿಂಗಡಿಸುವವರಿಗಿಂತ ಕಡಿಮೆ ದರ್ಜೆ, ಕಡಿಮೆ ಸಂಬಳ ನಿಗದಿಯಾಯಿತು. ಆ ಕೆಲಸಕ್ಕೆ ಹೆಚ್ಚಾಗಿ ಬಂದವರು ಹೆಂಗಸರು. 1974ರಲ್ಲಿ ಸಂಘ ಇದೇ ವಿಷಯಕ್ಕೆ ಪಟ್ಟು ಹಿಡಿದು ಮುಷ್ಕರಕ್ಕಿಳಿಯಿತು, ಅಂಚೆ ಸಂಕೇತ ಬರೆಯಬೇಡಿ ಎಂದು ಸಾರ್ವಜನಿಕರಿಗೆ ಕರೆ ಕೊಟ್ಟಿತು. 1978ರಲ್ಲಿ ಸಂಸತ್ತು ಕೆಲಸಕ್ಕೆ ಮರಳಿ ಎಂದು ಕಾಯಿದೆ ಮಾಡಿದಾಗ ಅದನ್ನು ತಕ್ಷಣ ಪಾಲಿಸಲಿಲ್ಲವೆಂದು ಸಂಘದ ಅಧ್ಯಕ್ಷ ಜಾನ್-ಕ್ಲೋಡ್ ಪಾರೋ ಅವರಿಗೆ ಮೂರು ತಿಂಗಳ ಸೆರೆವಾಸ ವಿಧಿಸಲಾಯಿತು.

ಅಧ್ಯಕ್ಷರು ಜೈಲಿಗೆ ಹೋದದ್ದು ದೊಡ್ಡ ಸಂಗತಿಯೇ. ಆದರೆ ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು 1981ರ ಮಾತುಕತೆ. ಆ ಹೊತ್ತಿಗೆ ವಿಂಗಡಣೆ ಕೇಂದ್ರಗಳಲ್ಲಿ, ಅರೆಕಾಲಿಕ ಕೆಲಸಗಳಲ್ಲಿ ಹೆಣ್ಣುಮಕ್ಕಳ ಸಂಖ್ಯೆ ಬೆಳೆದಿತ್ತು. ಹೆರಿಗೆಗೆ ಹೋದರೆ ನಿರುದ್ಯೋಗ ವಿಮೆಯಿಂದ ಸಂಬಳದ ಒಂದು ಭಾಗ ಬರುತ್ತಿತ್ತು, ಅಷ್ಟೇ. ಮನೆಗೆ ಹೊಸ ಜೀವ ಬರುವ ತಿಂಗಳಲ್ಲೇ ಆದಾಯ ಕುಸಿಯುವುದು. ಸಂಬಳಸಹಿತ ಹೆರಿಗೆ ರಜೆ ಎಂಬ ಬೇಡಿಕೆ ಪಟ್ಟಿಯಲ್ಲಿ ಸೇರಿತು. ಗಂಡಸರು ಹೆಚ್ಚಿದ್ದ ಸಂಘವೊಂದರಲ್ಲಿ ಅದು ಸೇರುವುದು, ಸೇರಿದ್ದು ಕೊನೆಯವರೆಗೆ ಉಳಿಯುವುದು ಸುಲಭವಾಗಿರಲಿಲ್ಲ. ಮಾತುಕತೆ ಬಲ್ಲವರಿಗೆಲ್ಲ ಗೊತ್ತಿರುವ ಸತ್ಯವೊಂದಿದೆ: ಕೊನೆಯ ರಾತ್ರಿ ಮೊದಲು ಕೈಬಿಡುವುದು ಕೆಲವರಿಗೆ ಮಾತ್ರ ಬೇಕಾದ ಬೇಡಿಕೆಯನ್ನು. ಈ ಬೇಡಿಕೆಯನ್ನು ಆ ಸಂಘ ಕೈಬಿಡಲಿಲ್ಲ. 42 ದಿನ ಮುಷ್ಕರ ನಡೆಯಿತು. ಮುಗಿದಾಗ 17 ವಾರಗಳ ಸಂಬಳಸಹಿತ ಹೆರಿಗೆ ರಜೆ ಒಪ್ಪಂದದಲ್ಲಿ ಬಂತು. ವಿಮೆಯ ಹಣಕ್ಕೆ ಉದ್ಯೋಗದಾತ ಉಳಿದದ್ದನ್ನು ಸೇರಿಸಿ ಸಂಬಳದ ಶೇ. 93ರಷ್ಟು ಕೊಡಬೇಕಾಯಿತು. ಆಮೇಲೆ ಅದೇ ಕಲಮು ಬೇರೆ ಸಂಘಗಳ ಒಪ್ಪಂದಗಳಿಗೂ ಹರಡಿತು. ಅಂಚೆ ಚೀಲವನ್ನು ಕಂಡೇ ಇರದ ಎಷ್ಟೋ ತಾಯಂದಿರು ಆ ಪಟ್ಟಿಯ ಒಂದು ಸಾಲಿನ ಫಲ ಉಂಡಿದ್ದಾರೆ.

ಇನ್ನು ಹಳ್ಳಿಗಾಡಿನ ಟಪಾಲಿನವರ ವಿಷಯಕ್ಕೆ ಬರುತ್ತೇನೆ.

ಕೆನಡಾದ ಹಳ್ಳಿ ರಸ್ತೆಗಳಲ್ಲಿ ಮನೆಯ ಅಂಚೆ ಪೆಟ್ಟಿಗೆ ರಸ್ತೆಯ ಅಂಚಿನಲ್ಲಿ ಕಂಬದ ಮೇಲಿರುತ್ತದೆ. ಟಪಾಲು ತರುವವರು ತಮ್ಮ ಸ್ವಂತ ಕಾರಿನಲ್ಲಿ ಬರುತ್ತಾರೆ. ಅಲ್ಲಿ ಗಾಡಿ ಓಡುವುದು ರಸ್ತೆಯ ಬಲಕ್ಕೆ, ಚಾಲಕರ ಸೀಟು ಎಡಕ್ಕೆ, ಪೆಟ್ಟಿಗೆ ಬಲಕ್ಕೆ. ಪಕ್ಕದ ಸೀಟಿನ ಮೇಲೆ ಇಡೀ ಮೈ ಚಾಚಿ, ಬಲಗಡೆಯ ಕಿಟಕಿಯಿಂದ ಕೈ ಹೊರಹಾಕಿ ಪೆಟ್ಟಿಗೆಯ ಬಾಗಿಲು ತೆರೆದು, ಕಾಗದ ಇಟ್ಟು ಮುಚ್ಚಬೇಕು. ಮುಂದಿನ ಪೆಟ್ಟಿಗೆಗೆ ಗಾಡಿ ಸರಿಸಿ ಮತ್ತೆ ಅದೇ. ಹಿಮ ಸುರಿಯುವ ದಿನವೂ ಅದೇ, ಹಿಂದಿನಿಂದ ಲಾರಿಗಳು ರಭಸದಿಂದ ಬರುತ್ತಿರುವಾಗಲೂ ಅದೇ. ಬೆನ್ನು, ಭುಜ ಎಷ್ಟು ವರ್ಷ ತಡೆದಾವು? ಈ ಕೆಲಸ ಮಾಡುತ್ತಿದ್ದವರಲ್ಲಿ ಹೆಂಗಸರೇ ಹೆಚ್ಚು. ಕಾನೂನಿನ ಕಣ್ಣಿಗೆ ಇವರು ನೌಕರರಾಗಿರಲಿಲ್ಲ, ಗುತ್ತಿಗೆದಾರರು. ಟೆಂಡರು ಕರೆದಾಗ ಕಡಿಮೆ ಮೊತ್ತ ಕೂಗಿದವರಿಗೆ ಹಾದಿ. ಅಂಚೆ ನಿಗಮದ ಕಾಯಿದೆಯ 13ನೇ ಕಲಮಿನ ಒಂದು ಉಪಕಲಮು ಇವರು ಕಾರ್ಮಿಕ ಕಾನೂನಿನಡಿ ಸಂಘ ಕಟ್ಟಿ ಚೌಕಾಸಿ ಮಾಡುವ ದಾರಿಯನ್ನೇ ಮುಚ್ಚಿತ್ತು.

ಇವರು ಮೊದಲು ತಮ್ಮದೇ ಒಂದು ಒಕ್ಕೂಟ ಮಾಡಿಕೊಂಡರು. ಪಟ್ಟಣದ ನೌಕರರ ಸಂಘ ಬೆನ್ನಿಗೆ ನಿಂತಿತು. 2003ರ ಮಾತುಕತೆಯಲ್ಲಿ ಆ ಸಂಘ ತನ್ನ ಸದಸ್ಯರ ಬೇಡಿಕೆಗಳ ಜೊತೆಗೆ, ಇನ್ನೂ ಸದಸ್ಯರೇ ಆಗಿರದ ಈ ಜನರ ವಿಷಯವನ್ನೂ ಮೇಜಿನ ಮೇಲಿಟ್ಟಿತು. 2004ರ ಜನವರಿ 1ರಿಂದ ಸುಮಾರು 6,000 ಮಂದಿ ಗ್ರಾಮೀಣ ಮತ್ತು ಉಪನಗರ ಬಟವಾಡೆದಾರರು ನಿಗಮದ ನೌಕರರಾದರು, ಅವರದೇ ಒಪ್ಪಂದ ಜಾರಿಗೆ ಬಂತು. ಅಲ್ಲಿಗೆ ಎಲ್ಲ ಸರಿಹೋಗಲಿಲ್ಲ. ಸಂಬಳ ಪಟ್ಟಣದವರಿಗಿಂತ ಕಡಿಮೆಯೇ ಇತ್ತು, ಗಂಟೆಗೆ ಇಷ್ಟು ಎಂಬ ಲೆಕ್ಕವೂ ಇರಲಿಲ್ಲ. ರಸ್ತೆ ಬದಿಯ ಅಪಾಯಕ್ಕೆ ಹಲವರು ಅಪಾಯಕರ ಕೆಲಸ ನಿರಾಕರಿಸುವ ಕಾನೂನಿನ ಹಕ್ಕನ್ನೇ ಬಳಸಬೇಕಾಯಿತು. ಒಂದೇ ಬೆಲೆಯ ಕೆಲಸಕ್ಕೆ ಹೆಂಗಸರು ಹೆಚ್ಚಿರುವ ಕಡೆ ಕಡಿಮೆ ಸಂಬಳ ಕೊಡುವುದು ತಪ್ಪೆಂದು ಹೋರಾಡಿ, 2018ರಲ್ಲಿ ಮಧ್ಯಸ್ಥಗಾರ್ತಿ ಮೊರೀನ್ ಫ್ಲಿನ್ ಅವರಿಂದ ಸಮಾನ ವೇತನದ ತೀರ್ಪು ಪಡೆದರು. ನೌಕರರೆನಿಸಿಕೊಂಡ ಮೇಲೂ ಹದಿನಾಲ್ಕು ವರ್ಷ ಹಿಡಿಯಿತು.

ಕೆನಡಾವನ್ನು ಸ್ವರ್ಗವೆಂದು ನಾನು ಹೇಳುತ್ತಿಲ್ಲ. ಮುಷ್ಕರದ ಹಕ್ಕಿಗೆ ಸಂವಿಧಾನದ ರಕ್ಷಣೆಯಿದೆ ಎಂದು ಅಲ್ಲಿನ ಸುಪ್ರೀಂ ಕೋರ್ಟು 2015ರಲ್ಲಿ ಹೇಳಿತು. ಅದಕ್ಕೂ ಮೊದಲು 2011ರಲ್ಲಿ ಒಂದು ಪಕ್ಷದ ಸರ್ಕಾರ, ಆ ತೀರ್ಪಿನ ನಂತರವೂ 2018ರಲ್ಲಿ ಇನ್ನೊಂದು ಪಕ್ಷದ ಸರ್ಕಾರ ಕಾಯಿದೆ ತಂದು ಅಂಚೆಯವರನ್ನು ಕೆಲಸಕ್ಕೆ ಕಳಿಸಿದವು. 2024ರ ನವೆಂಬರ್ 15ರಿಂದ ಸುಮಾರು 55,000 ನೌಕರರು ನಡೆಸಿದ ಮುಷ್ಕರ ಡಿಸೆಂಬರ್ ನಡುವಿಗೆ ಸರ್ಕಾರದ ಮಧ್ಯಪ್ರವೇಶದಿಂದ ನಿಂತಿತು. 2025ರ ಬೇಸಿಗೆಯಲ್ಲಿ ಆಡಳಿತದ ‘ಅಂತಿಮ ಕೊಡುಗೆ’ಯನ್ನು ಸಂಘದ ನಾಯಕರನ್ನು ದಾಟಿ ನೇರ ನೌಕರರ ಮುಂದೆ ಮತಕ್ಕಿಡುವಂತೆ ಸರ್ಕಾರ ಆದೇಶಿಸಿತು. ನಾಯಕರು ಹಟಮಾರಿಗಳು, ಸಾಮಾನ್ಯ ನೌಕರರು ಒಪ್ಪಿಕೊಳ್ಳುತ್ತಾರೆ ಎಂಬ ಎಣಿಕೆ ಇದರ ಹಿಂದಿದ್ದಿರಬೇಕು. ಪಟ್ಟಣದವರಲ್ಲೂ ಹಳ್ಳಿಯವರಲ್ಲೂ ಮತ ಹಾಕಿದವರಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಮಂದಿ ಬೇಡವೆಂದರು. ತಾವೇ ಬರೆದು, ತಾವೇ ಒಪ್ಪಿದ ಪಟ್ಟಿ ಎಂಬ ಭಾವನೆ ಇದ್ದಾಗ ಜನ ಹೀಗೆ ನಿಲ್ಲುತ್ತಾರೆ ಎಂದೇ ನಾನು ಇದನ್ನು ಓದುತ್ತೇನೆ.

ಕಾಗದಗಳು ಕಡಿಮೆಯಾಗುತ್ತಿವೆ, ಪಾರ್ಸೆಲುಗಳನ್ನು ಖಾಸಗಿಯವರು ಕೊಂಡೊಯ್ಯುತ್ತಿದ್ದಾರೆ, ನಿಗಮ ನಷ್ಟದಲ್ಲಿದೆ. ಇದು ಅಲ್ಲಿನ ನಿಜವಾದ ಕಷ್ಟ. ಸಂಘಕ್ಕೂ ಗೊತ್ತಿದೆ. 2016ರಿಂದಲೇ ಅದು ಒಂದು ಯೋಜನೆಯನ್ನು ಜನರ ಮುಂದಿಟ್ಟಿದೆ: ಅಂಚೆ ಕಚೇರಿಯಲ್ಲಿ ಬ್ಯಾಂಕಿಂಗ್ ಇರಲಿ, ಒಂಟಿಯಾಗಿರುವ ವೃದ್ಧರನ್ನು ಬಟವಾಡೆಯವರು ವಿಚಾರಿಸಿಕೊಂಡು ಬರಲಿ, ವಿದ್ಯುತ್ ವಾಹನಗಳಿಗೆ ಚಾರ್ಜಿಂಗ್ ವ್ಯವಸ್ಥೆ ಅಂಚೆ ಕಚೇರಿಯಲ್ಲೇ ಸಿಗಲಿ. ಕೆನಡಾದಲ್ಲಿ ಒಂದು ಕಾಲಕ್ಕೆ ಅಂಚೆ ಉಳಿತಾಯ ಬ್ಯಾಂಕ್ ಇತ್ತು, ಅರವತ್ತರ ದಶಕದ ಕೊನೆಗೆ ಮುಚ್ಚಿದರು. ಈಗ ಅದು ಬೇಕೆಂದು ಅವರು ಕೇಳುತ್ತಿದ್ದಾರೆ. ಇಲ್ಲಿ ಒಂದು ನಿಮಿಷ ನಿಲ್ಲಿ. ಅವರು ನಾಳೆಗಾಗಿ ಬಯಸುತ್ತಿರುವ ಈ ಬ್ಯಾಂಕಿಂಗ್ ಕೆಲಸವನ್ನು ನಮ್ಮ ಹಳ್ಳಿಯ ಬ್ರಾಂಚ್ ಪೋಸ್ಟ್‌ಮಾಸ್ಟರ್ ಇವತ್ತು ಬೆಳಗ್ಗೆಯೇ ಮಾಡಿದ್ದಾರೆ.

ಅವರ ದಿನ ಹೇಗಿರುತ್ತದೆ ಎಂದು ಪಟ್ಟಣದವರು ನೋಡಬೇಕು. ಕಚೇರಿಗೆ ಜಾಗ ಒದಗಿಸುವ ಹೊಣೆ ಅವರದೇ, ಆದ್ದರಿಂದ ಎಷ್ಟೋ ಕಡೆ ಅದು ಅವರ ಮನೆಯ ಜಗಲಿಯೋ ಮುಂದಿನ ಕೋಣೆಯೋ ಆಗಿರುತ್ತದೆ. ಬಸ್ಸಿಗೆ ಬಂದ ಚೀಲದ ಮೊಹರು ಸರಿಯಿದೆಯೇ ನೋಡಬೇಕು. ಚೀಲ ಬಿಚ್ಚಿ ಒಳಗಿನ ಚೀಟಿಗೂ ಬಂದ ವಸ್ತುಗಳಿಗೂ ತಾಳೆ ಹಾಕಬೇಕು. ಪ್ರತಿ ಕಾಗದಕ್ಕೂ ತಾರೀಕಿನ ಮುದ್ರೆ ಒತ್ತಬೇಕು. ಅಷ್ಟರಲ್ಲಿ ಪಿಂಚಣಿಯ ಅಜ್ಜಿ ಬಂದು ಕೂತಿರುತ್ತಾಳೆ. ಬೆರಳಚ್ಚು ತೆಗೆದುಕೊಳ್ಳುವ ಯಂತ್ರ ಆಕೆಯ ಸವೆದ ಬೆರಳನ್ನು ಗುರುತಿಸುವುದಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿ ಮತ್ತೆ ಒತ್ತಿಸಬೇಕು. ನೆಟ್‌ವರ್ಕ್ ಹೋದರೆ ಅಂಗಳಕ್ಕೋ ಗುಡ್ಡದ ಮೇಲಕ್ಕೋ ಹೋಗಿ ನಿಲ್ಲಬೇಕು. ಉಳಿತಾಯ ಖಾತೆ, ಸುಕನ್ಯಾ ಸಮೃದ್ಧಿ, ಗ್ರಾಮೀಣ ಅಂಚೆ ಜೀವವಿಮೆಯ ಕಂತು, ಪ್ರತಿಯೊಂದಕ್ಕೂ ಮೇಲಿನಿಂದ ಗುರಿ. ಸಂಜೆ ಲೆಕ್ಕ ಬರೆದು, ಚೀಲ ಕಟ್ಟಿ, ಮೊಹರು ಹಾಕಿ ಕಳಿಸಬೇಕು. ಇಷ್ಟಕ್ಕೂ ಕಾಗದದ ಮೇಲೆ ಇದು ನಾಲ್ಕು ಅಥವಾ ಐದು ಗಂಟೆಯ ಕೆಲಸ.

ಬ್ರಾಂಚ್ ಪೋಸ್ಟ್‌ಮಾಸ್ಟರ್ ಸೇರಿದಂತೆ ಗ್ರಾಮೀಣ ಡಾಕ್ ಸೇವಕರೆಲ್ಲರ ಸ್ಥಾನಮಾನ ಇನ್ನೂ ವಿಚಿತ್ರ. 1977ರಲ್ಲಿ ರಾಜಮ್ಮ ಎಂಬುವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಆಗ ‘ಇ.ಡಿ.’ ಎಂದು ಕರೆಯುತ್ತಿದ್ದ ಈ ಇಲಾಖೇತರ ನೌಕರರು ಹೊಂದಿರುವುದು ನಾಗರಿಕ ಹುದ್ದೆಯೇ, ವಿಚಾರಣೆಯಿಲ್ಲದೆ ಅವರನ್ನು ತೆಗೆಯುವಂತಿಲ್ಲ ಎಂದಿತು. ಆದರೆ ಅವರು ಮಾಮೂಲಿ ನಾಗರಿಕ ಸೇವೆಯ ಹೊರಗಿನವರು ಎಂದೂ ಹೇಳಿತು. ಇವತ್ತಿನ ನಿಯಮವೂ ಹಾಗೆಯೇ: ಸೇವಕರು ತಮಗೆ ಸಿಗುವ ಭತ್ಯೆಯನ್ನೇ ನೆಚ್ಚಿಕೊಂಡಿರಬಾರದು, ಜೀವನಕ್ಕೆ ಬೇರೆ ಆದಾಯ ಇರಬೇಕು, ಸರ್ಕಾರಿ ನೌಕರರಿಗೆ ಸಮಾನವೆಂದು ಹಕ್ಕು ಸಾಧಿಸುವಂತಿಲ್ಲ. ಇಲಾಖಾ ನೌಕರರಿಗೆ ವೇತನ ಆಯೋಗ ಬಂದಾಗಲೆಲ್ಲ ಇವರಿಗೆ ಪ್ರತ್ಯೇಕ ಸಮಿತಿ. ಸವೂರ್ ಸಮಿತಿ, ತಲ್ವಾರ್ ಸಮಿತಿ, ನಟರಾಜಮೂರ್ತಿ ಸಮಿತಿ, ಕೊನೆಯದಾಗಿ ಕಮಲೇಶ್ ಚಂದ್ರ ಸಮಿತಿ. ಕಮಲೇಶ್ ಚಂದ್ರ ಅವರು 2016ರ ನವೆಂಬರಿನಲ್ಲೇ ವರದಿ ಕೊಟ್ಟರು. ಅದು ಒಂದೂವರೆ ವರ್ಷ ಕಡತದಲ್ಲಿತ್ತು. 2018ರ ಮೇ 22ರಿಂದ ಡಾಕ್ ಸೇವಕರು 16 ದಿನ ದೇಶದಾದ್ಯಂತ ಮುಷ್ಕರ ಮಾಡಿದರು, ಜೂನ್ 6ರಂದು ಸಂಪುಟ ಒಪ್ಪಿಗೆ ಕೊಟ್ಟಿತು. ಬ್ರಾಂಚ್ ಪೋಸ್ಟ್‌ಮಾಸ್ಟರ್‌ಗೆ ಮೂಲಭತ್ಯೆ ನಾಲ್ಕು ಗಂಟೆಗೆ ತಿಂಗಳಿಗೆ 12,000, ಐದು ಗಂಟೆಗೆ 14,500 ರೂಪಾಯಿ. ಸಹಾಯಕರಿಗೆ, ಡಾಕ್ ಸೇವಕರಿಗೆ 10,000 ಮತ್ತು 12,000. ಹೆಣ್ಣುಮಕ್ಕಳಿಗೆ 180 ದಿನದ ಹೆರಿಗೆ ರಜೆಯೂ ಆ ವರ್ಷದ ಆದೇಶಗಳಲ್ಲೇ ಬಂತು.

ಆ 16 ದಿನಗಳಿಗೆ ನನ್ನ ನಮಸ್ಕಾರ. ಆದರೆ ಏನು ನಡೆಯಿತೆಂದು ನೋಡಿ. ಅವರು ಮುಷ್ಕರ ಮಾಡಿದ್ದು ಬೇರೆಯವರು ಬರೆದ ವರದಿಯ ಜಾರಿಗಾಗಿ. ನಮ್ಮ ಡಾಕ್ ಸೇವಕರಿಗೆ ಸಹಿ ಹಾಕಿದ ಒಪ್ಪಂದವಿಲ್ಲ, ಅವಧಿ ಮುಗಿಯುವ ದಿನಾಂಕವಿಲ್ಲ. ಸಮಿತಿ ಬರುತ್ತದೆ, ಅಹವಾಲು ಕೇಳುತ್ತದೆ, ಶಿಫಾರಸು ಮಾಡುತ್ತದೆ. ಸಮಿತಿಗೆ ಕೊಡುವ ಮನವಿ ಸಾಮಾನ್ಯವಾಗಿ ದೆಹಲಿಯಲ್ಲಿ, ಇಂಗ್ಲಿಷಿನಲ್ಲಿ, ಪಟ್ಟಣದ ಕಚೇರಿಗಳಲ್ಲಿ ಬೆಳೆದು ಬಂದ ಮುಖಂಡರ ಕೈಯಲ್ಲಿ ರೂಪುಗೊಳ್ಳುತ್ತದೆ. ಅವರು ಪ್ರಾಮಾಣಿಕರು, ಅನುಭವಿಗಳು. ಆದರೂ ಚೀಲದ ಬಸ್ಸಿಗಾಗಿ ಕಾಯುವ ಹೊತ್ತು, ಸಿಗ್ನಲ್‌ಗಾಗಿ ಗುಡ್ಡ ಹತ್ತುವ ಹೊತ್ತು, ಜಗಲಿಯ ಬಾಡಿಗೆ, ರಜೆ ಹಾಕಿದರೆ ಬದಲಿ ಆಳನ್ನು ಹುಡುಕುವ ಪಾಡು, ಇವುಗಳನ್ನು ಅನುಭವಿಸುವವರು ಬರೆದ ಹಾಗೆ ಬೇರೆಯವರು ಬರೆಯಲಾರರು.

ಇದನ್ನು ಈಗ ಹೇಳಲು ಕಾರಣವಿದೆ. 8ನೇ ವೇತನ ಆಯೋಗದ ಕಾರ್ಯವ್ಯಾಪ್ತಿಗೆ 2025ರ ಅಕ್ಟೋಬರಿನಲ್ಲಿ ಸಂಪುಟದ ಒಪ್ಪಿಗೆ ಸಿಕ್ಕಿದೆ, ವರದಿ ಕೊಡಲು 18 ತಿಂಗಳ ಗಡುವು. ಡಾಕ್ ಸೇವಕರನ್ನೂ ಆಯೋಗದ ವ್ಯಾಪ್ತಿಗೆ ಸೇರಿಸಿ ಎಂದು ಸಂಘಗಳು ಕೇಳುತ್ತಿವೆ. ಆ ಬೇಡಿಕೆ ನ್ಯಾಯವಾದದ್ದು, ನನ್ನ ಪೂರ್ಣ ಬೆಂಬಲವಿದೆ. ಸೇರಿಸಲಿ, ಹಳೆಯ ರೂಢಿಯಂತೆ ಮತ್ತೊಂದು ಸಮಿತಿ ಮಾಡಲಿ, ಮುಂದಿಡಲು ಕೈಯಲ್ಲಿ ಗಟ್ಟಿಯಾದ ಪಟ್ಟಿ ಇರಬೇಕು.

ಆದ್ದರಿಂದ ಸಂಘದ ಪದಾಧಿಕಾರಿಗಳಲ್ಲಿ ನನ್ನ ವಿನಂತಿ. ಮನವಿಯ ಕರಡನ್ನು ಮೇಲಿನಿಂದ ಕಳಿಸಬೇಡಿ, ತಾಲ್ಲೂಕಿನಿಂದ ತರಿಸಿಕೊಳ್ಳಿ. ಕನ್ನಡದಲ್ಲಿ ಬರೆಸಿ, ಇಂಗ್ಲಿಷು ಆಮೇಲಾಗಲಿ. ಪ್ರತಿ ಶಾಖಾ ಕಚೇರಿಯವರೂ ಒಂದು ತಿಂಗಳ ಮಟ್ಟಿಗೆ ಕೆಲಸದ ಹೊತ್ತನ್ನು ದಿನಚರಿಯಲ್ಲಿ ಬರೆದಿಡಲಿ: ಚೀಲ ಬಂದದ್ದು ಎಷ್ಟಕ್ಕೆ, ಯಂತ್ರ ಕೈಕೊಟ್ಟದ್ದು ಎಷ್ಟು ಹೊತ್ತು, ಕೊನೆಯ ಗ್ರಾಹಕರು ಹೋದದ್ದು ಯಾವಾಗ. ನಾಲ್ಕೈದು ಗಂಟೆಯ ಲೆಕ್ಕವನ್ನು ಪ್ರಶ್ನಿಸಲು ಇದಕ್ಕಿಂತ ಬಲವಾದ ಸಾಕ್ಷಿ ಇನ್ನೊಂದಿಲ್ಲ. ಇತ್ತೀಚಿನ ವರ್ಷಗಳಲ್ಲಿ ಎಷ್ಟೋ ಹೆಣ್ಣುಮಕ್ಕಳು ಡಾಕ್ ಸೇವಕಿಯರಾಗಿ ಸೇರಿದ್ದಾರೆ. ಅವರನ್ನು ಸಭೆಯಲ್ಲಿ ಹೂಗುಚ್ಛ ಕೊಡಲು ಕರೆಯುವುದನ್ನು ಬಿಟ್ಟು ಕರಡು ಸಮಿತಿಯಲ್ಲಿ ಕೂರಿಸಿ. ಇಲಾಖಾ ನೌಕರರ ಸಂಘಗಳು ತಮ್ಮ ಪಟ್ಟಿಯ ಕೊನೆಯಲ್ಲಿ ಡಾಕ್ ಸೇವಕರಿಗೆ ಒಂದು ಸಾಲು ಸೇರಿಸಿ ಕೈತೊಳೆದುಕೊಳ್ಳಬಾರದು. ಕೆನಡಾದ ಪಟ್ಟಣದ ನೌಕರರು 2003ರಲ್ಲಿ ಸದಸ್ಯರಲ್ಲದವರಿಗಾಗಿ ಮಾಡಿದ್ದನ್ನು ಇಲ್ಲಿಯೂ ಮಾಡಲು ಸಾಧ್ಯ.

ಇಲ್ಲಿ ಬಂದಿರುವ ನಿವೃತ್ತರಿಗೆ ಒಂದು ಮಾತು. ಇಲಾಖೆಯ ನಿಯಮಾವಳಿ ನಿಮಗೆ ಕರತಲಾಮಲಕ, ಅರ್ಜಿ ಬರೆದು ಬರೆದು ಪಳಗಿದ ಕೈ ನಿಮ್ಮದು. ನಿಮ್ಮ ತಾಲ್ಲೂಕಿನಲ್ಲಿ ಒಂದು ಭಾನುವಾರ ಡಾಕ್ ಸೇವಕರನ್ನು ಕರೆದು ಕೂರಿಸಿಕೊಳ್ಳಿ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ, ಯಾವ ನಿಯಮದಡಿ ಬರುತ್ತದೆಂದು ಪಕ್ಕದಲ್ಲಿ ಗುರುತು ಹಾಕಿ. ವಿದ್ಯಾರ್ಥಿಗಳು ಜೊತೆಗೆ ಹೋಗಿ ಟೈಪು ಮಾಡಿಕೊಡಲಿ. ಆಯೋಗದ ಗಡುವು ಓಡುತ್ತಿದೆ. ಈ ಕೆಲಸವನ್ನು ಈ ವರ್ಷವೇ ಆರಂಭಿಸಿ ಎಂದು ನಿಮ್ಮೆಲ್ಲರನ್ನೂ ಕೈಮುಗಿದು ಕೇಳಿಕೊಳ್ಳುತ್ತೇನೆ. ಯಾವ ತಾಲ್ಲೂಕಿನ ಸಭೆಗೆ ಕರೆದರೂ ನಾನು ಬರುತ್ತೇನೆ.